ಮುದಿ ರಾಣಿಯೂ ಬುಧವಾರದ ಬ್ಲಾಗೂ

ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ

ಜೀರುಂಡೆಗೆ ನಿನ್ನಜ್ಜಿಯ ಆಶೀರ್ವಾದಗಳು.

ಕಾದಂಬರಿ ತಿದ್ದಿ ಮುಗಿಯುವವರೆಗೆ ಫೋನು ಮುಟ್ಟುವುದಿಲ್ಲವೆಂದು ಗೆಳತಿಯ ಮನೆಯ ಮಹಡಿ ಸೇರಿದ್ದೀಯಲ್ಲ, ಅದಕ್ಕೇ ಈ ಕಾಗದ. ತಿಂಡಿ ತಿಂದಿಲ್ಲವಾದರೆ ತಿಂದು ಬಂದು ಓದು. ಆಮೇಲೆ ಗಂಟಲಲ್ಲಿ ಇಳಿಯಲಿಕ್ಕಿಲ್ಲ.

ಹೊರಡುವಾಗ ಎಂಟು ವಾರದ ಬ್ಲಾಗು ಬರೆದಿಟ್ಟು, ಬುಧವಾರಕ್ಕೊಂದರಂತೆ ಈ ನೀಲಿ ಗುಂಡಿ ಒತ್ತಜ್ಜೀ, ಅಷ್ಟೇ ಕೆಲಸ ಅಂದಿದ್ದೆ. ಒತ್ತಿದೆ. ಏನೂ ಆದಹಾಗೆ ಕಾಣಲಿಲ್ಲ. ಮತ್ತೆ ಒತ್ತಿದೆ. ಹೀಗೆ ಎಂಟೂ ಮೊದಲ ಬುಧವಾರವೇ ಹೋಗಿಬಿಟ್ಟವು. ನಿಮ್ಮಪ್ಪ ನೋಡಿ, ಏನಮ್ಮಾ, ಎರಡು ತಿಂಗಳ ಅಡುಗೆ ಒಂದೇ ಊಟಕ್ಕೆ ಬಡಿಸಿಬಿಟ್ಟೆಯಲ್ಲ ಅಂತ ನಕ್ಕ. ನಗಲಿ, ಅವನ ಗಂಟೇನು ಹೋಗುತ್ತೆ.

ಒಂದು ವಾರವೂ ತಪ್ಪಬಾರದು, ಓದುಗರು ಚದುರಿದರೆ ಪುಸ್ತಕ ಕೊಳ್ಳುವವರು ಯಾರು ಅಂತ ಪ್ರಕಾಶಕಿ ನಿನಗೆ ಹೇಳಿದ್ದು ನನಗೆ ನೆನಪಿತ್ತು. ಹಾಗಾಗಿ ಎರಡನೇ ಬುಧವಾರ ನಾನೇ ಬರೆದೆ, ನಿನ್ನ ಹೆಸರಲ್ಲಿ. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳು ಏನು ಬರೆದಾಳು? ನೀನು ತಿದ್ದುವ ಚಂದವನ್ನೇ ಬರೆದೆ. ಕಾದಂಬರಿಯ ಹೆಬ್ಬಾವಿಗೆ ಬೆಳಿಗ್ಗೆ ರೆಕ್ಕೆ ಅಂಟಿಸಿ ಸಂಜೆ ಕೀಳುವುದು, ಒಂದು ಸಾಲು ಹೊಡೆದುಹಾಕಿ ಅರ್ಧ ಗಂಟೆ ಗೋಡೆ ನೋಡುವುದು, ಸ್ನಾನವನ್ನು ನಾಳೆಗೆ ಹಾಕುವುದು. ಜನ ಬಿದ್ದು ಬಿದ್ದು ನಕ್ಕರಂತೆ. ಮೂರನೇ ವಾರದ ಹೊತ್ತಿಗೆ ನನಗೆ ಸ್ವಲ್ಪ ಕೊಂಬು ಬಂದಿತ್ತು, ಸುಳ್ಳೇಕೆ ಹೇಳಲಿ.

ಹೋದ ಬುಧವಾರ ಯಾರೋ ಓದುಗ, ಕಥೆಯ ಕೊನೆಗೆ ಏನಾಗುತ್ತೆ ಅಂತ ಕೇಳಿದ. ಮಾತಿನ ಭರದಲ್ಲಿ ಬಾಯಿಬಿಟ್ಟೆ. ಹೆಬ್ಬಾವು ಹಾರಬೇಕಾದರೆ ಒಂದು ಜೀವ ಬೇಕು, ಮುದಿ ರಾಣಿ ತನ್ನ ಉಸಿರು ಕೊಟ್ಟು ಸಾಯುತ್ತಾಳೆ, ಮೊಮ್ಮಗಳು ಅದರ ಬೆನ್ನೇರಿ ಹೋಗುತ್ತಾಳೆ ಅಂತ ಬ್ಲಾಗಿನಲ್ಲಿ ಪೂರ್ತಿ ಹೇಳಿಬಿಟ್ಟೆ.

ನಿನ್ನ ಮೂರು ವರ್ಷದ ಗುಟ್ಟು ಬೀದಿಗೆ ಬಿತ್ತು. ನಿನ್ನೆ ಪ್ರಕಾಶಕಿ ಫೋನು ಮಾಡಿದಳು. ಕೂಗಾಡಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಊರಿಗೆಲ್ಲ ಗೊತ್ತಾದ ಕೊನೆಯನ್ನು ಅಚ್ಚು ಹಾಕಲಾರೆ, ತಿಂಗಳೊಳಗೆ ಬೇರೆ ಬರೆದರೆ ಸರಿ, ಇಲ್ಲವಾದರೆ ಪುಸ್ತಕ ವಾಪಸ್ಸು ಅಂದಳು. ಬರೆಯುತ್ತಾಳೆ ಅಂದೆ. ನಿನ್ನನ್ನು ಕೇಳದೆಯೇ ಅಂದೆ.

ಈಗ ಕೇಳು. ಆ ಮುದುಕಿಯನ್ನು ಬದುಕಿಸು. ಹತ್ತು ಅಧ್ಯಾಯ ಎಲ್ಲರ ಮೇಲೂ ಹರಿಹಾಯ್ದವಳು ಕೊನೆಯಲ್ಲಿ ಒಂದು ಮಾತೂ ಎದುರಾಡದೆ ಕಣ್ಣು ಮುಚ್ಚುತ್ತಾಳೆಯೇ? ಅವಳಿಗೂ ಹಾರುವ ಆಸೆ ಇದ್ದೀತು ಅಂತ ನಿನಗೆ ಹೊಳೆಯಲೇ ಇಲ್ಲವೇ? ಹೆಬ್ಬಾವಿನ ಬೆನ್ನು ಉದ್ದವಿರುತ್ತದೆ ಕಣೇ, ಇಬ್ಬರು ಕೂರಬಹುದು.

ಇಷ್ಟು ದಿನ ಬರೆದದ್ದು ಅಜ್ಜಿ ಎಂದು ಇವತ್ತಿನ ಬ್ಲಾಗಿನಲ್ಲಿ ನಿಜ ಹಾಕಿದ್ದೇನೆ. ಬೈಯುವುದಿದ್ದರೆ ಕಾಗದದಲ್ಲೇ ಬೈದು ಕಳಿಸು. ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.

ಇಂತಿ,
ನಿನ್ನ ಬಾಯಿಬಡುಕಿ ಅಜ್ಜಿ

ಮತ್ತೊಂದು ಮಾತು: ಯಾವ ಓದುಗನೂ ಏನೂ ಕೇಳಿರಲಿಲ್ಲ. ಆ ಕೊನೆಯನ್ನು ಒಂದೇ ಬೆರಳಲ್ಲಿ ಎರಡು ದಿನ ಕುಟ್ಟಿ ಕುಟ್ಟಿ ಬರೆದೆ. ಮುದುಕಿ ಸಾಯುವುದನ್ನು ನೀನು ನನಗೆ ಓದಿ ಹೇಳಿ, ಹೇಗಿದೆ ಅಜ್ಜೀ ಅಂದಾಗ ಚೆನ್ನಾಗಿದೆ ಅಂದಿದ್ದೆ. ಅವತ್ತೇ ಜಗಳ ಆಡಬೇಕಿತ್ತು.