ತೆಗೆದುಹಾಕಿದ ಸದ್ದು

ಆಕಾಶದ ಬೆಳಕುಗಳ ತನಿಖೆ ನಡೆಸುತ್ತಿರುವ ಸೇನಾಧಿಕಾರಿಗಳಿಗೆ,

‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಬೇಕು, ಕಾಲೇಜಿನಲ್ಲಿ ಹಾಗೇ ಕಲಿಸಿದ್ದರು. ಇವತ್ತು ಕೈ ಒಪ್ಪುತ್ತಿಲ್ಲ.

ನಮ್ಮ ತಾರಸಿಯ ಮೇಲೆ ಸುಳಿದಾಡಿದ ಬೆಳಕುಗಳನ್ನು ಮೊಬೈಲಿನಲ್ಲಿ ಸೆರೆಹಿಡಿದವನು ನಾನೇ. ನಿಮ್ಮವರು ಬೂಟು ಕಳಚದೆ ಒಳಗೆ ಬಂದು, “ಯಜಮಾನ್ರೇ, ದೇಶದ ಭದ್ರತೆ ವಿಷಯ, ಫೋನ್ ಕೊಡಿ” ಎಂದರು. ಕೊಟ್ಟೆ. ನನ್ನಾಕೆ ಆಗಿನ್ನೂ ಇದ್ದಳು. ಅವರಿಗೆ ಟೀ ಬೇರೆ ಮಾಡಿಕೊಟ್ಟಳು. ಅವಳು ತೀರಿಕೊಂಡ ಮೇಲೆ ಫೋನು ವಾಪಸು ಬಂತು. ವಿಡಿಯೋದಲ್ಲಿ ಬೆಳಕುಗಳು ಹಾಗೇ ಇವೆ, ಸದ್ದೇ ಇಲ್ಲ. ಜೊತೆಗಿದ್ದ ಚೀಟಿಯಲ್ಲಿ ‘ಬ್ಯಾಕ್‌ಗ್ರೌಂಡ್ ನಾಯ್ಸ್ ರಿಮೂವ್ಡ್’ ಎಂದಿದೆ. ನನ್ನ ಇಂಗ್ಲಿಷಿಗೆ ತುಕ್ಕು ಹಿಡಿದಿದ್ದರೂ ಇಷ್ಟು ಅರ್ಥವಾಗುತ್ತದೆ.

ಆ ನಾಯ್ಸ್ ನನ್ನ ಹೆಂಡತಿ, ಸ್ವಾಮಿ! ಮೆಟ್ಟಿಲ ಬಳಿ ನಿಂತು, “ರೀ, ಆಕಾಶ ನೋಡಿದ್ದು ಸಾಕು, ಒಣಗಿದ ಬಟ್ಟೆ ಎತ್ಕೊಂಡು ಬನ್ನಿ. ಅವು ನಿಮ್ಮನ್ನ ಹೊತ್ಕೊಂಡು ಹೋದ್ರೂ ಎರಡೇ ದಿನಕ್ಕೆ ವಾಪಸ್ ತಂದು ಬಿಡ್ತಾವೆ!” ಎಂದು ನಕ್ಕಿದ್ದಳು. ಅವಳ ದನಿ ಉಳಿದಿದ್ದದ್ದು ಅದೊಂದರಲ್ಲೇ.

ಮೂಲ ಪ್ರತಿ ನಿಮ್ಮಲ್ಲಿದೆಯಂತೆ, ಆದರೆ ರಹಸ್ಯವಂತೆ. ಒಣಗಿದ ಬಟ್ಟೆಯ ಸುದ್ದಿ ಕೇಳಿ ಯಾವ ಶತ್ರು ದಂಡೆತ್ತಿ ಬರುತ್ತಾನೆ? ಬೆಳಕುಗಳನ್ನು ನೀವೇ ಇಟ್ಟುಕೊಳ್ಳಿ. ಬಲೂನು ಅನ್ನಿ, ಗ್ರಹ ಅನ್ನಿ, ನನ್ನದೇನೂ ತಕರಾರಿಲ್ಲ. ಅವಳ ದನಿ ಕೊಡಿ.

ಕೊಡುವವರೆಗೆ ನಿಮ್ಮ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಹೊತ್ತಾಯಿತು, ಮನೆಗೆ ಬನ್ನಿ ಎಂದು ಕರೆಯುವವರು ನನಗೀಗ ಯಾರೂ ಇಲ್ಲ.

ಇತಿ,
ಅವಳ ಗಂಡ