ನಕಾಶೆಯಲ್ಲಿ ಮುಳುಗಿದ ಕಾರು

ಅಪ್ಪಾ,

ನೀನು ತೀರಿಕೊಂಡ ಮೇಲೆ ಅಣ್ಣ ನಿನ್ನ ಜೀಪು ಮಾರಿ ಹೊಸ ಕಾರು ತಂದ. ಸ್ಟೇರಿಂಗ್ ಪಕ್ಕದಲ್ಲಿ ಟಿವಿಯಂಥ ಪರದೆ. ಇವತ್ತು ಜೋಯಿಡಾಕ್ಕೆ ಹೋಗುವಾಗ ಸೂಪಾ ಹಿನ್ನೀರಿನ ಹತ್ತಿರ ನೆಟ್‌ವರ್ಕ್ ಹೋಯಿತು. ಪರದೆಯ ನಕಾಶೆಯಲ್ಲಿ ನಮ್ಮ ಕಾರು ರಸ್ತೆ ಬಿಟ್ಟು ನೀರಿನೊಳಗೆ ನಿಂತಿತ್ತು.

"ಯವ್ವಾ, ಇಲ್ಲಿ ನೋಡ, ಮುಳುಗಿದ್ವಿ ನಾವು" ಎಂದು ನಗುತ್ತ ಅಣ್ಣ ಬೆರಳಿನಿಂದ ಅದನ್ನು ದೊಡ್ಡದು ಮಾಡತೊಡಗಿದ. ಹಿಂದೆ ಕೂತಿದ್ದ ಅವ್ವನೂ ಬಗ್ಗಿ ನೋಡಿದಳು. ಅಣ್ಣನ ಪಕ್ಕ ಕೂತಿದ್ದ ನಾನೊಬ್ಬಳೇ ರಸ್ತೆ ನೋಡುತ್ತಿದ್ದೆ. ತಿರುವಿನಲ್ಲಿ ಒಬ್ಬ ಅಜ್ಜಿ ಸೊಪ್ಪಿನ ಹೊರೆ ಹೊತ್ತು ದಾಟುತ್ತಿದ್ದಳು. ಅಣ್ಣ ನೋಡಿಯೇ ಇರುತ್ತಾನೆ, ಅವನಿಗೆ ನಾನೇನು ಹೇಳುವುದು ಎಂದು ಸುಮ್ಮನಾದೆ.

ಕೊನೇ ಗಳಿಗೆಯಲ್ಲಿ ಅವನು ಬ್ರೇಕು ಒತ್ತಿದ. ಹೊರೆ ಬಾನೆಟ್ಟಿನ ಮೇಲೆ ಬಿತ್ತು. ಅಜ್ಜಿ ರಸ್ತೆಯಂಚಿಗೆ ಕುಸಿದು ಕೂತಳು. ಪುಣ್ಯಕ್ಕೆ ಪೆಟ್ಟಾಗಲಿಲ್ಲ.

"ಮೂರು ಮಂದಿ ಅದೀರಿ, ಒಬ್ಬರಿಗೂ ಕಣ್ಣಿಲ್ಲೇನು?" ಎಂದಳು.

ಅಣ್ಣ ನನ್ನ ಕಡೆ ತಿರುಗಿದ. "ಬಾಜೂಕ ಕುಂತು ನೀ ಏನ್ ನೋಡಾಕತ್ತಿದ್ದಿ?"

ಮೈಯೆಲ್ಲ ಉರಿಯಿತು. ಪರದೆ ತಿಕ್ಕುತ್ತಿದ್ದವನು ಅವನು, ಬೈಗುಳ ನನಗೆ. ಆದರೆ ನಿನ್ನ ಜೀಪಿನ ಕಾನೂನೂ ಅದೇ ಇತ್ತಲ್ಲ: ಮುಂದೆ ಕೂತವರು ಕಂಡದ್ದನ್ನು ಕೂಗಿ ಹೇಳಬೇಕು.

"ನಾನೂ ನಕಾಶೆನ ನೋಡಾಕತ್ತಿದ್ದೆ" ಎಂದುಬಿಟ್ಟೆ, ಅಪ್ಪಾ.