ಕರಿದು ಉಳಿದ ಹೆಪ್ಪು

ಬೆಳುವಾಯಿ
22 ಫೆಬ್ರವರಿ 2025

ಪ್ರೀತಿಯ ದೀಪಶ್ರೀ,

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಗುರುವಾಯನಕೆರೆಯ ಬಾಡಿಗೆ ಮನೆ ನಿನಗೆ ಒಗ್ಗಿರಬಹುದು ಎಂದುಕೊಂಡಿದ್ದೇನೆ. ನೀನು ಫೋನು ಮಾಡಿದ್ದು ದೀಪಾವಳಿ ಕಳೆದ ಮೇಲೆ. ಉತ್ತರ ಈಗ ಬರುತ್ತಿದೆ. ಮರೆತು ತಡವಾದದ್ದಲ್ಲ. ತಡವಾದ ಕಾರಣ ಈ ಕವರಿನೊಳಗೇ ಒಂದು ಪೊಟ್ಟಣದಲ್ಲಿದೆ, ಚೆಲ್ಲದಂತೆ ತೆರೆ.

ಅಂದು ನೀನು ಕೇಳಿದ್ದು ನಿನ್ನ ಮಾರ್ಕ್ಸ್‌ಕಾರ್ಡಿನ ಫೈಲು; ಅದನ್ನು ಆಗಲೇ ಕಳಿಸಿದೆ. ಫೋನು ಇಡುವ ಮೊದಲು, ಹೊರಟವರು ಬಾಗಿಲಲ್ಲಿ ನಿಂತು ಕೇಳುವ ಹಾಗೆ, "ಫ್ರಿಜ್ಜಿನಲ್ಲಿ ನನ್ನ ಬ್ರೆಡ್ಡಿನ ಹೆಪ್ಪು ಇತ್ತು, ಬಿಸಾಡಿರ್ತೀರಿ ಅಲ್ವಾ?" ಎಂದೆ. ನೋಡುತ್ತೇನೆ ಎಂದು ನಾನು ಹೇಳಿದೆ. ನೀನೂ ನನ್ನ ಮಗ ಸುಜಿತನೂ ಕೋರ್ಟಿನಲ್ಲಿ ಬೇರೆಯಾಗಿ ಆಗಲೇ ಒಂದು ವರ್ಷವಾಗಿತ್ತು. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಆ ಹುಳಿ ಹೆಪ್ಪಿನ ಬಾಟ್ಲಿ ಮಾತ್ರ ಮಿಡಿ ಉಪ್ಪಿನಕಾಯಿಯ ಹಿಂದೆ ಹಾಗೆಯೇ ಕುಳಿತಿತ್ತು. ಇದನ್ನು ಜೀವಸಹಿತ ನಿನಗೆ ಮುಟ್ಟಿಸಬೇಕು ಎಂದು ಆ ಸಂಜೆಯೇ ನಿಶ್ಚಯಿಸಿದೆ.

ಮೇಲೆ ಬೂದು ಬಣ್ಣದ ನೀರು ನಿಂತಿತ್ತು. ಮುಚ್ಚಳ ತೆಗೆದಾಗ ನಿನ್ನ ಮಾವ ಪಡಸಾಲೆಯಿಂದಲೇ, ಮನೆಯಲ್ಲಿ ಶೇಂದಿ ಅಂಗಡಿ ಯಾವಾಗ ಶುರುವಾಯಿತು ಎಂದು ವಿಚಾರಿಸಿದರು. ನೀರು ಚೆಲ್ಲಿ, ಅಡಿಯಿಂದ ಒಂದು ಚಮಚ ತೆಗೆದು, ನೀನು ಮಾಡುತ್ತಿದ್ದಂತೆ ದಿನಾ ಗೋಧಿಹಿಟ್ಟು, ನೀರು ಕೊಟ್ಟೆ. ನಿನ್ನ ಮೊದಲ ಬ್ರೆಡ್ಡನ್ನು ನಾಯಿ ಮೂಸಿ ನೋಡಿ, ಮರ್ಯಾದೆಯಿಂದ ಕಚ್ಚಿಕೊಂಡು ಹೋಗಿ ಹಿತ್ತಲಲ್ಲಿ ಹೂತದ್ದು ನೆನಪಾಗಿ ಒಬ್ಬಳೇ ನಕ್ಕೆ. ಕೆಲವು ವಾರಗಳ ಮೇಲೆ ಗುಳ್ಳೆ ಬಂತು.

ಬಾಟ್ಲಿಯನ್ನೇ ಕಳಿಸುವ ಎಂದು ಗುರುವಾಯನಕೆರೆ ಬಸ್ಸಿನ ಕಂಡಕ್ಟರ್ ಶಂಭುವನ್ನು ಕೇಳಿದೆ. ಅವನು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಮಾಮಿ, ಇದು ಈಗಲೇ ಉಬ್ಬಿ ನಿಂತಿದೆ. ವೇಣೂರಿನ ತಿರುವಿನಲ್ಲಿ ಮುಚ್ಚಳ ಹಾರಿದ್ರೆ ಪ್ಯಾಸೆಂಜರ್ ನನ್ನನ್ನು ಬಿಡ್ತಾರಾ?" ಎಂದ. ಹಾಗಾಗಿ ಒಣಗಿಸುವುದು ಎಂದಾಯಿತು.

ಒಣಗಿಸುವುದು ನಮಗೆ ಹೊಸತೇ? ಅದೇ ವಾರ ಮಾವನ ಅಕ್ಕ ವಾರಿಜಕ್ಕ ಬಂದು ತಾರಸಿಯಲ್ಲಿ ಅಕ್ಕಿ ಸಂಡಿಗೆ ಹಾಕುತ್ತಿದ್ದರು. ನಾನು ಪಕ್ಕದ ನೆರಳಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಹೆಪ್ಪನ್ನು ತೆಳ್ಳಗೆ ಸವರಿದೆ. ಒಣಗಿದ್ದು ಹಪ್ಪಳದಂತೆ ಎದ್ದು ಬಂತು. ಮುರಿದು ಡಬ್ಬಿಗೆ ತುಂಬಿಸಿ, ಬಾಟ್ಲಿ ತೊಳೆದು ಕವುಚಿ ಹಾಕಿದೆ. ಡಬ್ಬಿ ಇಟ್ಟದ್ದು ಸಂಡಿಗೆ ಡಬ್ಬಿಯ ಪಕ್ಕದಲ್ಲಿ. ಮುಂದಿನದನ್ನು ನೀನೇ ಊಹಿಸಬಲ್ಲೆ.

ಮೂಡುಬಿದಿರೆ ಪೇಟೆಗೆ ಹೋಗಿ ಬಂದಾಗ ಮಧ್ಯಾಹ್ನ ದಾಟಿತ್ತು. ಮಾವ ಗಂಜಿ ಊಟದ ಕೊನೆಯಲ್ಲಿದ್ದರು. ವಾರಿಜಕ್ಕ ಬಾಣಲೆಯ ಮುಂದೆ ನಿಂತು, "ನಿನ್ನ ಸಂಡಿಗೆ ಎಂತದು ಮಾರಾಯ್ತಿ? ಎಣ್ಣೆಗೆ ಬಿದ್ರೂ ಅರಳುವುದಿಲ್ಲ. ಉಪ್ಪು ಸಹ ಇಲ್ಲ. ಪಾಪ, ಕೈ ತಪ್ಪಿದೆ ಅಂತ ನಾನೇ ಉಪ್ಪು ಉದುರಿಸಿದೆ," ಎಂದರು. ಡಬ್ಬಿ ಖಾಲಿ. ಮಾವನನ್ನು ನೋಡಿದೆ. ಗಂಜಿಗೆ ಪರವಾಗಿಲ್ಲ, ಸ್ವಲ್ಪ ಹುಳಿ ಎಂದರು.

ನನಗೆ ಅಳು ಬಂತು. ಆಗ ವಿಷಯ ಹೇಳಲೇಬೇಕಾಯಿತು. ವಾರಿಜಕ್ಕ ಒಲೆ ಆರಿಸಿದರು. ಮತ್ತೆ ಇಬ್ಬರೂ ಸೇರಿ ತಾರಸಿಗೆ ಹೋಗಿ, ಮಡಿಸಿಟ್ಟಿದ್ದ ಪ್ಲಾಸ್ಟಿಕ್ ಹಾಳೆ ಬಿಡಿಸಿ, ಮಡಿಕೆಗಳಲ್ಲಿ ಅಂಟಿದ್ದ ಪುಡಿಯನ್ನು ಉಗುರಿನಿಂದ ಕೆರೆದೆವು. ಸಿಕ್ಕಿದ್ದು ಒಂದು ಚಿಟಿಕೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕರಗಿದ ಮೇಲೆ ಅಷ್ಟೇ ಹಿಟ್ಟು ಕಲಸಿ, ಬಚ್ಚಲ ಒಲೆಯ ಹಿಂದಿನ ಬೆಚ್ಚಗಿನ ಗೂಡಿನಲ್ಲಿಟ್ಟು, ದಿನಾ ಹಿಟ್ಟು, ನೀರು ಸೇರಿಸುತ್ತಾ ಬಂದೆ. ಎರಡು ದಿನ ಅದು ಬರೀ ಅಂಟಾಗಿತ್ತು. ವಾರಿಜಕ್ಕ ಮನೆಗೆ ಹೋಗುವುದನ್ನೇ ಮುಂದೂಡಿ, ಸ್ನಾನಕ್ಕೆ ಹೋದವರೆಲ್ಲ ಅದನ್ನು ನೋಡಿ ಬಂದು ವರದಿ ಕೊಡಬೇಕು ಎಂದು ಕಟ್ಟಪ್ಪಣೆ ಮಾಡಿದರು.

ನಂತರ ಒಂದು ಬೆಳಿಗ್ಗೆ ಮಾವ ಟವೆಲ್ಲಿನಲ್ಲೇ ಹೊರಗೆ ಬಂದರು. "ನೀಲಾ, ಅದು ಉಸಿರು ಬಿಡ್ತಾ ಉಂಟು."

ನೋಡಿದರೆ ಹಿಟ್ಟು ಉಬ್ಬಿ, ಮೇಲೆ ಮುಚ್ಚಿದ್ದ ತಟ್ಟೆಯನ್ನು ಎತ್ತಿ ಹಿಡಿದಿತ್ತು. ನಾವು ಮೂವರೂ ಬಚ್ಚಲಿನಲ್ಲಿ ನಿಂತು ನಗುತ್ತಿದ್ದೆವು. ಈಗ ಅರ್ಧ ನನ್ನ ಬಳಿ ಹಸಿಯಾಗಿಯೇ ಇದೆ; ವಾರಿಜಕ್ಕ ಪ್ರಾಯಶ್ಚಿತ್ತಕ್ಕೆಂದು ಅದರಲ್ಲಿ ಸ್ವಲ್ಪ ಹಾಕಿ ಬಾಳೆಹಣ್ಣಿನ ಬನ್ಸ್ ಮಾಡಿದರು, ಅಂಥ ಬನ್ಸ್ ಈ ಮನೆಯಲ್ಲಿ ಆದದ್ದಿಲ್ಲ. ಉಳಿದರ್ಧ ಒಣಗಿಸಿದ್ದು ಪೊಟ್ಟಣದಲ್ಲಿದೆ. ಪೊಟ್ಟಣದ ಮೇಲೆ 'ಸಂಡಿಗೆ ಅಲ್ಲ' ಎಂದು ಬರೆಸಿದ್ದು ಅವರೇ.

ಸುಜಿತನ ವಿಷಯ ಬರೆಯಬಾರದು ಎಂದಿದ್ದೆ. ಇಷ್ಟು ಮಾತ್ರ: ಗೂಡಿನಲ್ಲಿದ್ದ ಪಾತ್ರೆಯನ್ನು ಅವನೂ ನೋಡಿದ, ಮರುದಿನ ಗೋಧಿಹಿಟ್ಟಿನ ಪ್ಯಾಕೆಟ್ ತಂದಿಟ್ಟ. ಅದಕ್ಕೆ ಬೇರೆ ಅರ್ಥ ಹುಡುಕಬೇಡ. ಹಿಟ್ಟು ಮುಗಿದಿತ್ತು.

ನೀನು ನೆನೆಸಿಟ್ಟ ಮೇಲೆ ಮೊದಲು ಏನೂ ಕಾಣದು. ಸತ್ತಿದೆ ಎಂದು ಚೆಲ್ಲಬೇಡ. ನಿನ್ನ ಕೈ ಸೋಲದಿರಲಿ, ನಿನ್ನ ಮನೆಯಲ್ಲಿ ಹಸಿದು ಬಂದವರಿಗೆ ಸದಾ ಏನಾದರೂ ಇರಲಿ.

ಇಂತಿ,
ನೀಲಾವತಿ

ಮರೆತ ಮಾತು: ಮೇಲೆ ಬರೀ ಹೆಸರು ಹಾಕಿದ್ದು ಯೋಚಿಸಿಯೇ. ಅಂದು ಫೋನಿನಲ್ಲಿ ನೀನು ನನ್ನನ್ನು 'ಆಂಟಿ' ಎಂದೆ. ಅತ್ತೆಯೆಂದು ಆರು ವರ್ಷ ನನ್ನನ್ನು 'ಮಾಮಿ' ಎಂದು ಕರೆದವಳು. ಬಸ್ಸಿನ ಶಂಭು ಕೂಡ ನನ್ನನ್ನು ಮಾಮಿ ಎನ್ನುತ್ತಾನೆ, ಅವನಿಗೂ ನನಗೂ ಟಿಕೇಟಿನ ಸಂಬಂಧ ಮಾತ್ರ. ಕೋರ್ಟಿನ ಕಾಗದಕ್ಕೆ ನೀವಿಬ್ಬರು ಸಹಿ ಹಾಕಿದಿರಿ. ನನ್ನ ಸಹಿಯನ್ನು ಯಾರೂ ಕೇಳಲಿಲ್ಲ, ನಾನು ಹಾಕಲೂ ಇಲ್ಲ. ಹೆಪ್ಪು ಉಬ್ಬಿದರೆ ಫೋನು ಮಾಡು. ಉಬ್ಬದಿದ್ದರೂ ಮಾಡು, ಇಲ್ಲಿ ಇನ್ನೂ ಇದೆ. ಮಾಮಿ ಎನ್ನಲು ಬಾಯಿ ಬಾರದಿದ್ದರೆ ಏನೂ ಕರೆಯದೆ ನೇರ ವಿಷಯಕ್ಕೆ ಬಾ. ಆಂಟಿ ಮಾತ್ರ ಬೇಡ.